ಮ್ಯಾಂಡರಿನ್ ಮೀನಿಗಾಗಿ ಮೊದಲು ಹುಳ ಸಾಕಿದ್ದು: 3 ಅಡಿ ಸಮುದ್ರದ ಟ್ಯಾಂಕಿನ ಲಾಗ್

ಕೆಲಸ ಶುರು ಮಾಡಿದ್ದು 2023 ಜೂನಲ್ಲಿ, ಮೀನು ಬಂದದ್ದು 2024 ಆಗಸ್ಟಲ್ಲಿ. ಅದ್ರಲ್ಲಿ 11 ತಿಂಗಳು ನೀರು ತುಂಬಿ, ಲೈಟು ಉರಿದು, ಪಂಪು ತಿರುಗಿ, ಒಳಗೆ ಒಂದು ಮೀನೂ ಇಲ್ಲದ ಟ್ಯಾಂಕ್ ನಮ್ಮ ಹಾಲಲ್ಲಿ ಇತ್ತು. ಮನೆಗೆ ಬಂದವರೆಲ್ಲ ಮೀನೆಲ್ಲಿ ಅಂತ ಕೇಳೋರು, ನಾನು ಟಾರ್ಚ್ ಹಾಕಿ ಗಾಜಿನ ಮೇಲೆ ಓಡಾಡ್ತಿದ್ದ ಬಿಳಿ ಚುಕ್ಕಿ ತೋರಿಸ್ತಿದ್ದೆ. ಆ ಚುಕ್ಕಿ ಅಂದ್ರೆ ಮ್ಯಾಂಡರಿನ್ ತಿನ್ನೋ ಕೋಪೆಪಾಡ್ ಅನ್ನೋ ಪುಟ್ಟ ಜೀವಿ, ಅದರ ಬಗ್ಗೆನೇ ಈ ಬರಹ ಜಾಸ್ತಿ ಉಂಟು, ಮೀನಿನ ಬಗ್ಗೆ ಕಡಿಮೆ. ಮ್ಯಾಂಡರಿನ್ ಸಾಕ್ಬೇಕು ಅಂತ ಆಸೆ ಇರೋರು ದಯವಿಟ್ಟು ಪೂರ್ತಿ ಓದಿ.

ಹಿಂದೆ ಒಂದು ಸಲ 2018ರಲ್ಲಿ ತಂದಿದ್ದೆ. 2 ಅಡಿ ಟ್ಯಾಂಕ್, ಹಾಕಿ ಮೂರು ತಿಂಗಳೂ ಆಗಿರ್ಲಿಲ್ಲ. ಅಂಗಡಿಯಲ್ಲಿ ಎಂತ ತಿನ್ನತ್ತೆ ಅಂತ ಕೇಳಿದ್ದಕ್ಕೆ ಎಲ್ಲ ತಿನ್ನತ್ತೆ ಸರ್ ಅಂದ್ರು, ನಾನೂ ನಂಬಿದೆ. ಕಾಳಿನ ಫುಡ್ ಹಾಕಿದ್ರೆ ಅದು ತಿರುಗಿಯೂ ನೋಡ್ತಿರ್ಲಿಲ್ಲ, ಆದ್ರೆ ದಿನವಿಡೀ ಕಲ್ಲಿನ ಮೇಲೆ ಕುಕ್ಕುತ್ತಾ ಇತ್ತು, ಹಾಗಾಗಿ ಏನೋ ತಿಂತಾ ಉಂಟು ಅಂದ್ಕೊಂಡೆ. ನಾಲ್ಕನೇ ವಾರಕ್ಕೆ ಹೊಟ್ಟೆ ಒಳಗೆ ಹೋಗ್ಲಿಕ್ಕೆ ಶುರುವಾಯ್ತು, ಏಳನೇ ವಾರ ಸತ್ತೋಯ್ತು. ರೋಗ ಇಲ್ಲ, ನೀರಲ್ಲಿ ತೊಂದ್ರೆ ಇಲ್ಲ, ನನ್ನ ಕಣ್ಣೆದುರೇ ಹಸಿವಿಂದ ಸತ್ತದ್ದು. ಅದು ಇವತ್ತಿಗೂ ಮನಸ್ಸಲ್ಲಿ ಉಂಟು. ಆಮೇಲೆ ಐದು ವರ್ಷ ಸಮುದ್ರದ ಮೀನು ಮುಟ್ಲಿಲ್ಲ, ಓದಿದೆ ಮಾತ್ರ.

ಈ ಮೀನಿನ ವಿಷಯ ಸ್ವಲ್ಪ ಹೇಳ್ತೇನೆ, ಇಲ್ಲಾಂದ್ರೆ ಮುಂದೆ ಮಾಡಿದ್ದು ಯಾಕೆ ಅಂತ ಗೊತ್ತಾಗಲ್ಲ. ಸಿಂಕೈರೋಪಸ್ ಸ್ಪ್ಲೆಂಡಿಡಸ್ ಅಂತ ಹೆಸರು, 1927ರಲ್ಲಿ ಫಿಲಿಪ್ಪೀನ್ಸಿನ ಮೀನು ನೋಡಿ ಹೆರ್ರೆ ಅನ್ನೋ ವಿಜ್ಞಾನಿ ಹೆಸರಿಟ್ಟದ್ದು. ಜಪಾನಿನ ರ್ಯೂಕ್ಯೂ ದ್ವೀಪಗಳಿಂದ ಕೆಳಗೆ ಆಸ್ಟ್ರೇಲಿಯಾ ತನಕ, ಅಲೆ ಕಡಿಮೆ ಇರೋ ಲಗೂನುಗಳಲ್ಲಿ, ಹವಳದ ಚೂರುಗಳ ನಡುವೆ ಇರತ್ತೆ. ಉದ್ದ 6-7 ಸೆಂ.ಮೀ. ಅಷ್ಟೇ. ಮೈಮೇಲೆ ಹುರುಪೆ ಇಲ್ಲ, ಬದಲಿಗೆ ದಪ್ಪ ಲೋಳೆ, ಅದು ಕಹಿ, ವಾಸನೆಯೂ ಉಂಟು, ಹಾಗಾಗಿ ಬೇರೆ ಮೀನು ಬಾಯಿ ಹಾಕೋದು ಕಡಿಮೆ. ಬಣ್ಣ ನೋಡಿದ್ರೆ ನನ್ನ ಅಮ್ಮ ಹೇಳಿದ್ದೇ ಸರಿ, ಯಕ್ಷಗಾನದ ವೇಷ ಕಟ್ಟಿ ಕೂತ ಹಾಗೆ, ನೀಲಿ ಮೈಮೇಲೆ ಕಿತ್ತಳೆ ಗೆರೆ, ಮುಖಕ್ಕೆ ಹಸಿರು. ಆ ನೀಲಿಯಲ್ಲೇ ಒಂದು ವಿಶೇಷ ಉಂಟು. ನವಿಲುಗರಿ ನೀಲಿ, ನಮ್ಮ ರಾಜ್ಯಪಕ್ಷಿ ನೀಲಕಂಠದ ರೆಕ್ಕೆ ನೀಲಿ, ಅದ್ಯಾವುದೂ ಬಣ್ಣದ ಪುಡಿ ಅಲ್ಲ, ಗರಿಯ ಒಳಗಿನ ಸೂಕ್ಷ್ಮ ರಚನೆಗೆ ಬೆಳಕು ಬಿದ್ದು ನೀಲಿ ಕಾಣೋದು. ಆದ್ರೆ ಮ್ಯಾಂಡರಿನ್ ಚರ್ಮದಲ್ಲಿ ನಿಜವಾದ ನೀಲಿ ವರ್ಣದ್ರವ್ಯ ಇರೋ ಜೀವಕೋಶಗಳು ಉಂಟು, 1995ರಲ್ಲಿ ಜಪಾನಿನ ಗೋಡ ಮತ್ತು ಫುಜೀ ಅನ್ನೋರು ಅದನ್ನು ತೋರಿಸಿಕೊಟ್ರು. ಪ್ರಾಣಿಗಳಲ್ಲಿ ಅದು ತುಂಬಾ ಅಪರೂಪ.

ಆದ್ರೆ ಮುಖ್ಯ ವಿಷಯ ಹೊಟ್ಟೆದು. ಅದಕ್ಕೆ ಕರುಳು ಚಿಕ್ಕದು, ಬಾಯಿ ಚಿಕ್ಕದು, ನಿಧಾನದ ಮೀನು. ಬೆಳಗಿಂದ ಸಂಜೆ ತನಕ ಕಲ್ಲಿನ ಮೇಲೆ ತೆವಳಿಕೊಂಡು ಒಂದೊಂದೇ ಕೋಪೆಪಾಡ್ ಹುಡುಕಿ, ಬಾಯಿ ಪುಸಕ್ಕಂತ ಮುಂದೆ ಚಾಚಿ ಹೀರ್ಕೊಳ್ಳತ್ತೆ. ಕೋಪೆಪಾಡ್ ಅಂದ್ರೆ ಸಿಗಡಿಯ ದೂರದ ನೆಂಟರು, ಹೆಚ್ಚಿನವು ಒಂದೆರಡು ಮಿಲಿಮೀಟರ್ ಒಳಗಿನ ಜೀವಿ. ದಿನಕ್ಕೆರಡು ಸಲ ನಾವು ಊಟ ಹಾಕಿದ್ರೆ ಸಾಲಲ್ಲ, ಟ್ಯಾಂಕೇ ದಿನಪೂರ್ತಿ ಊಟ ಹಾಕ್ಬೇಕು. ಹಾಗಾದ್ರೆ ಕಟ್ಬೇಕಾದದ್ದು ಮೀನಿನ ಮನೆ ಅಲ್ಲ, ಕೋಪೆಪಾಡಿನ ಮನೆ. ಇದೊಂದು ತಲೆಗೆ ಹೋದ ಮೇಲೆ ಉಳಿದ ತೀರ್ಮಾನ ಎಲ್ಲ ತಾನಾಗಿ ಬಂತು.

ಮರುವಾಯಿ ಚಿಪ್ಪಿನ ಕಲ್ಲು

ಪಾಡ್ಸ್ (ಕೋಪೆಪಾಡಿಗೆ ನಾವು ಹೇಳೋ ಚಿಕ್ಕ ಹೆಸರು) ಬೆಳೀಲಿಕ್ಕೆ ತೂತು ತೂತಾದ ಕಲ್ಲು ಬೇಕು. ಬೇರೆ ದೇಶಗಳಲ್ಲಿ ಲೈವ್ ರಾಕ್ ಅಂತ ಸಮುದ್ರದಿಂದ ತೆಗೆದ ಕಲ್ಲು ಹಾಕ್ತಾರೆ. ನಮ್ಮಲ್ಲಿ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿ ಉಂಟು, ಹುಲಿಗೆ ಇರೋ ರಕ್ಷಣೆಯೇ ಅದಕ್ಕೂ. ಮುರುಡೇಶ್ವರದ ಎದುರಿಗಿನ ನೇತ್ರಾಣಿಯಲ್ಲಿ ನೀರಿಗಿಳಿದು ಹವಳ ನೋಡಿದ್ದೇನೆ, ಅಲ್ಲಿಂದ ಒಂದು ಚೂರು ಎತ್ಕೊಂಡು ಬರೋ ಮಾತೇ ಇಲ್ಲ, ಯಾರಾದ್ರೂ ಕದ್ದು ಕೊಟ್ರೂ ತಗೊಳ್ಬಾರ್ದು. ಹಾಗಾಗಿ ಕಲ್ಲು ನಾನೇ ಮಾಡೋದು ಅಂತ ಆಯ್ತು, ಹವಳ ಇಲ್ಲದ ಟ್ಯಾಂಕೇ ಸಾಕು ಅಂತಲೂ ಆಯ್ತು.

ನಮ್ಮ ಊರು ಸುರತ್ಕಲ್ ಕಡೆ, ಟ್ಯಾಂಕ್ ಇರೋ ಮನೆ ಬೆಂಗಳೂರಲ್ಲಿ. ಊರಲ್ಲಿ ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದ ದಿನ ಚಿಪ್ಪು ರಾಶಿ ಬೀಳತ್ತೆ. ಅಮ್ಮನಿಗೆ ಚಿಪ್ಪು ಬಿಸಾಡ್ಬೇಡಿ ಅಂತ ಹೇಳಿದ್ದೆ, ಅವರು ಅಕ್ಕಪಕ್ಕದ ಮನೆಯವರದ್ದೂ ಸೇರಿಸಿ ಅರ್ಧ ಗೋಣಿ ಮಾಡಿಟ್ಟಿದ್ರು. ಅದನ್ನು ಒಂದು ಗಂಟೆ ಕುದಿಸಿ, ಉಜ್ಜಿ, ನಾಲ್ಕು ದಿನ ಒಣಗಿಸಿ (ಜೂನ್ ಮಳೆಯಲ್ಲಿ ಒಣಗಿಸೋದು ಅಂದ್ರೆ ಒಲೆ ಪಕ್ಕ ಇಟ್ಟು ಒಣಗಿಸೋದು), ಗೋಣಿಯೊಳಗೇ ಹಾಕಿ ಸುತ್ತಿಗೆಯಲ್ಲಿ ಕುಟ್ಟಿದೆ. ಕಡ್ಲೆಕಾಳಿನಷ್ಟು ದೊಡ್ಡ ಚೂರು ಇದ್ರೆ ಒಳ್ಳೇದು, ಹಿಟ್ಟು ಮಾಡ್ಬೇಡಿ. ಸಾಲದ್ದಕ್ಕೆ ಕೋಳಿ ಫಾರಂನವರು ಬಳಸೋ ಚಿಪ್ಪಿನ ಗ್ರಿಟ್ ಒಂದು ಚೀಲ ತಂದೆ.

ಅಳತೆ: ಒಂದು ಡಬ್ಬ ಬಿಳಿ ಸಿಮೆಂಟಿಗೆ ಮೂರು ಡಬ್ಬ ಚಿಪ್ಪು, ಒಂದು ಡಬ್ಬ ದಪ್ಪ ಕಲ್ಲುಪ್ಪು. ನೀರು ಆದಷ್ಟು ಕಡಿಮೆ, ಕೈಯಲ್ಲಿ ಹಿಡಿದ್ರೆ ಪುಂಡಿ ಉಂಡೆ ಹಾಗೆ ನಿಲ್ಬೇಕು. ಕಲ್ಲುಪ್ಪು ಯಾಕೆ ಅಂದ್ರೆ ಆಮೇಲೆ ನೀರಲ್ಲಿ ಕರಗಿಹೋಗಿ ಅದಿದ್ದ ಜಾಗ ತೂತಾಗಿ ಉಳಿಯತ್ತೆ, ಪಾಡ್ಸಿಗೆ ಅದೇ ಅಡಗುತಾಣ. ಸಿಮೆಂಟಲ್ಲಿ ವಾಟರ್‌ಪ್ರೂಫಿಂಗ್ ಅದು ಇದು ಸೇರಿಸಿರೋದು ಬೇಡ, ಸಾದಾ ಇರ್ಲಿ. ಗ್ಲೌಸ್ ಹಾಕದೆ ಕಲಸ್ಬೇಡಿ, ಮೊದಲ ದಿನ ನನ್ನ ಬೆರಳ ತುದಿ ಸುಟ್ಟ ಹಾಗಾಗಿತ್ತು. ಒದ್ದೆ ಮರಳಲ್ಲಿ ಗುಂಡಿ ಮಾಡಿ ಅದರಲ್ಲಿ ಅಡ್ಡಾದಿಡ್ಡಿ ಆಕಾರಕ್ಕೆ ಹಾಕಿ, ನಡುವೆ ಪೈಪಿನ ತುಂಡು ಚುಚ್ಚಿ ಗುಹೆ ಮಾಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ಮೂರು ದಿನ ಬಿಟ್ಟೆ. ಒಟ್ಟು 11 ಕಲ್ಲು, ಸುಮಾರು 16 ಕೆಜಿ.

ಇಲ್ಲಿ ಅವಸರ ಮಾಡಿದ್ರೆ ಎಲ್ಲ ಕೆಟ್ಟೋಗತ್ತೆ. ಹಸಿ ಸಿಮೆಂಟಿನಿಂದ ಸುಣ್ಣ ಬಿಡ್ತಾ ಇರತ್ತೆ, ನೀರಿನ ಪಿಎಚ್ 12ರ ಹತ್ರ ಹೋಗತ್ತೆ, ಅದರಲ್ಲಿ ಯಾವ ಜೀವವೂ ಉಳಿಯಲ್ಲ. ಡ್ರಮ್ಮಲ್ಲಿ ಮುಳುಗಿಸಿಟ್ಟು ಮೂರು ದಿನಕ್ಕೊಂದು ಸಲ ನೀರು ಚೆಲ್ಲಿ ಹೊಸತು ಹಾಕಿದೆ. ಊರಲ್ಲಿ ಮಳೆಗಾಲ ಆದ್ದರಿಂದ ಮಾಡಿನ ನೀರೇ ಸಾಕಾಯ್ತು, ಅಪ್ಪ ದಿನಾ ನೋಡ್ಕೊಂಡ್ರು. ನೀರಿನ ಮೇಲೆ ಬಿಳಿ ಕೆನೆ ಕಟ್ಟೋದು ಐದನೇ ವಾರಕ್ಕೆ ನಿಂತಿತು, ಒಂಬತ್ತನೇ ವಾರ ಮೂರು ದಿನ ಬಿಟ್ಟ ನೀರಿನ ಪಿಎಚ್ 8.4 ಬಂತು. ಅವತ್ತೇ ಕಾರಿನ ಡಿಕ್ಕಿಗೆ ತುಂಬಿಸಿ ಬೆಂಗಳೂರಿಗೆ ತಂದೆ.

ಗಾಜು, ಸಂಪು, ಮತ್ತೆ ನೆಲದ ಮೇಲೆ ನೀರು

ಟ್ಯಾಂಕ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 10 ಮಿ.ಮೀ. ಗಾಜು, ಗಾಜಿನ ಅಂಗಡಿಯಲ್ಲೇ ಅಂಟಿಸಿ ಕೊಟ್ರು. ಕೆಳಗೆ ಕ್ಯಾಬಿನೆಟ್ ಒಳಗೆ 2 ಅಡಿಯ ಸಂಪ್, ಅಂದ್ರೆ ಮೇಲಿನ ನೀರು ಇಳಿದು ಶುದ್ಧವಾಗಿ ವಾಪಸ್ ಹೋಗೋ ಎರಡನೇ ಟ್ಯಾಂಕ್, ಅದನ್ನು ನಾನೇ ಅಂಟಿಸಿದ್ದು. ಸಾಮಾನ್ಯವಾಗಿ ಸಂಪಲ್ಲಿ ಸ್ಕಿಮ್ಮರಿಗೆ (ಗುಳ್ಳೆಯಿಂದ ಕೊಳೆ ಎತ್ತಿ ತೆಗೆಯೋ ಸಾಧನ) ದೊಡ್ಡ ಜಾಗ ಕೊಟ್ಟು ರೆಫ್ಯೂಜಿಯಂಗೆ ಮೂಲೆ ಕೊಡ್ತಾರೆ, ನಾನು ಉಲ್ಟಾ ಮಾಡಿದೆ, 60 ಸೆಂ.ಮೀ.ಯಲ್ಲಿ 35 ಸೆಂ.ಮೀ. ರೆಫ್ಯೂಜಿಯಂ. ಮೀನು ಬರದ, ಪಾಡ್ಸ್ ನೆಮ್ಮದಿಯಾಗಿ ಮರಿ ಹಾಕೋ ಜಾಗ ಅದು. ಅದರಲ್ಲಿ ಚೀಟೊ, ಅಂದ್ರೆ ಕೀಟೋಮಾರ್ಫಾ ಅನ್ನೋ ಪಾಚಿ, ಹಸಿರು ಪಾತ್ರೆ ಉಜ್ಜೋ ನಾರಿನ ಹಾಗೆ ಗುಂಗುರು ಗುಂಗುರಾಗಿ ಇರತ್ತೆ. ಮೇಲಿನ ಟ್ಯಾಂಕಿನ ಲೈಟು ಆಫ್ ಆದಾಗ ಇದರ ಲೈಟು ಆನ್, ರಾತ್ರಿ 9ರಿಂದ ಬೆಳಿಗ್ಗೆ 9. ಹೀಗೆ ಮಾಡಿದ್ರೆ ರಾತ್ರಿ ಪಿಎಚ್ ಬೀಳೋದೂ ಕಡಿಮೆ ಆಗತ್ತೆ, ಪಾಚಿ ನೈಟ್ರೇಟ್ ಸಹ ಎಳ್ಕೊಳ್ಳತ್ತೆ.

ನೀರಿಲ್ಲದೆ ನೋಡುವಾಗ ಎಲ್ಲ ಚೆಂದ ಇತ್ತು. ಸೆಪ್ಟೆಂಬರಲ್ಲಿ ಬರೀ ನಲ್ಲಿ ನೀರು ತುಂಬಿಸಿ ಟ್ರಯಲ್ ನೋಡಿದೆ, ಎರಡು ದಿನ ಚೆನ್ನಾಗಿ ಓಡ್ತು, ಮೂರನೇ ದಿನ ಕರೆಂಟು ಹೋಯ್ತು. ನಾನು ಆಫೀಸಲ್ಲಿದ್ದೆ, ಮನೆಯಿಂದ ಫೋನ್ ಬಂತು, ಹಾಲ್‌ನ ನೆಲದ ಮೇಲೆ ನೀರು ಅಂತ. ಆದದ್ದಿಷ್ಟು: ಸಂಪಿಂದ ಮೇಲಿನ ಟ್ಯಾಂಕಿಗೆ ನೀರು ತರೋ ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟದಿಂದ 6 ಸೆಂ.ಮೀ. ಕೆಳಗಿತ್ತು. ಪಂಪ್ ನಿಂತ ಕೂಡ್ಲೆ ಅದೇ ಪೈಪಲ್ಲಿ ನೀರು ವಾಪಸ್ ಸೈಫನ್ ಆಗಿ ಕೆಳಗೆ ಇಳಿಯತ್ತೆ, ಬಾಯಿಗೆ ಗಾಳಿ ಸಿಗೋ ತನಕ ನಿಲ್ಲಲ್ಲ. ಟ್ಯಾಂಕಿನ ಮೇಲ್ಮೈ 91 ಇಂಟು 46 ಸೆಂ.ಮೀ., ಅಂದ್ರೆ ಒಂದು ಸೆಂ.ಮೀ. ಇಳಿದ್ರೆ 4 ಲೀಟರಿಗೂ ಜಾಸ್ತಿ, 6 ಸೆಂ.ಮೀ.ಗೆ 25 ಲೀಟರ್. ಸಂಪಲ್ಲಿ ಖಾಲಿ ಜಾಗ ಇದ್ದದ್ದು 12 ಲೀಟರಿಗೆ. ಉಳಿದದ್ದು ನೆಲಕ್ಕೆ.

ಸರಿ ಮಾಡಿದ್ದು ಎರಡು ರೀತಿ. ರಿಟರ್ನ್ ಬಾಯಿಯನ್ನು ನೀರಿನ ಮಟ್ಟದಿಂದ 2 ಸೆಂ.ಮೀ. ಕೆಳಗೆ ಬರೋ ಹಾಗೆ ಮೇಲೆತ್ತಿದೆ, ಜೊತೆಗೆ ಪೈಪಿಗೆ ಮಟ್ಟದಿಂದ ಅರ್ಧ ಇಂಚು ಕೆಳಗೆ 4 ಮಿ.ಮೀ. ತೂತು ಕೊರೆದೆ. ನೀರು ಆ ತೂತಿಗೆ ಇಳಿದ ತಕ್ಷಣ ಗಾಳಿ ಹೊಕ್ಕು ಸೈಫನ್ ಕಡಿಯತ್ತೆ. ಆ ತೂತಿಗೆ ಪಾಚಿ ಕಟ್ಟಿ ಮುಚ್ಚಿಹೋಗೋದೂ ಉಂಟು, ಹಾಗಾಗಿ ತೂತನ್ನೇ ನಂಬಿ ಕೂರ್ಬಾರ್ದು, ಬಾಯಿ ಮೇಲಿರೋದೇ ಮುಖ್ಯ. ಆಮೇಲೆ ಬೇಕಂತಲೇ ಪ್ಲಗ್ ಕಿತ್ತು ನೋಡಿ, ಇಳಿದು ಬರೋ ನೀರೂ ಸೇರಿ ಸಂಪ್ ಚೆಲ್ಲದ ಹಾಗೆ ಪಂಪ್ ಓಡುವಾಗ ಎಷ್ಟು ನೀರಿರ್ಬಹುದು ಅಂತ ಸಂಪಿನ ಗಾಜಿಗೆ ಪರ್ಮನೆಂಟ್ ಮಾರ್ಕರಲ್ಲಿ ಗೆರೆ ಹಾಕಿದೆ, ಪಂಪ್ ಓಡುವಾಗ ಆ ಗೆರೆಗಿಂತ ಮೇಲೆ ನೀರು ತುಂಬಿಸೋ ಹಾಗಿಲ್ಲ. ಇದೇ ಹೊತ್ತಲ್ಲಿ ಎಲೆಕ್ಟ್ರಿಷಿಯನ್ ಕರೆಸಿ ಟ್ಯಾಂಕಿನ ಲೈನಿಗೆ ಬೇರೆಯೇ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ತಕ್ಷಣ ಲೈನ್ ಕಡಿಯೋ ಸ್ವಿಚ್) ಹಾಕಿಸಿದೆ. ಉಪ್ಪು ನೀರು, ಕರೆಂಟು, ಮನೆಯಲ್ಲಿ ಮಗು, ಇದರಲ್ಲಿ ಉಳಿತಾಯ ನೋಡ್ಬೇಡಿ. ಪ್ರತಿ ವಯರೂ ಪ್ಲಗ್ಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಆಮೇಲೆ ಮೇಲೇರ್ಬೇಕು, ಹಾಗಿದ್ರೆ ವಯರ್ ಹಿಡ್ಕೊಂಡು ಬಂದ ನೀರು ಪ್ಲಗ್ಗಿಗೆ ಹೋಗದೆ ಕೆಳಗೆ ತೊಟ್ಟಿಕ್ಕತ್ತೆ.

ನೀರು

ನಮ್ಮದು ಬೋರ್‌ವೆಲ್, ಟಿಡಿಎಸ್ (ನೀರಲ್ಲಿ ಕರಗಿರೋ ಲವಣ) ಮೀಟರಲ್ಲಿ 740 ತೋರಿಸ್ತು. ಅಡುಗೆಮನೆ ಆರ್‌ಓ ನೀರು 60. ಎಲ್ಲಿಂದ ಬಂತು ಈ 60 ಅಂತ ನೋಡಿದ್ರೆ ಕುಡಿಯೋ ಆರ್‌ಓದಲ್ಲಿ ರುಚಿಗೋಸ್ಕರ ಸ್ವಲ್ಪ ಹಸಿ ನೀರು ಮಿಕ್ಸ್ ಮಾಡೋ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಚಿಕ್ಕ ಸ್ಕ್ರೂ ಇರತ್ತೆ. ಟ್ಯಾಂಕಿಗೆ ಆ ನೀರು ಆಗಲ್ಲ. ಬೇರೆ ಸಣ್ಣ ಆರ್‌ಓ ಯೂನಿಟ್ ಹಾಕಿ ಅದರ ನಂತರ ಡಿಐ ರೆಸಿನ್ (ಉಳಿದ ಲವಣ ಹೀರೋ ಹರಳು) ಇರೋ ಕ್ಯಾನಿಸ್ಟರ್ ಸೇರಿಸಿದೆ, ಆಗ 0 ಬಂತು. ಸಮುದ್ರದ ಉಪ್ಪಿನ ಪುಡಿ ಲೀಟರಿಗೆ ಸುಮಾರು 36 ಗ್ರಾಂ, ಒಟ್ಟು 180 ಲೀಟರಿಗೆ ಆರೂವರೆ ಕೆಜಿ ಹಿಡೀತು. ಸಾಂದ್ರತೆ 1.025. ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರನ್ನು ಬರೀ ಆರ್‌ಓ ನೀರಲ್ಲಿ ಸೊನ್ನೆ ಮಾಡಿದ್ರೆ ಸಾಲಲ್ಲ, 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರಾವಣದಲ್ಲಿ ನೋಡಿ, ನನ್ನದು ಸೊನ್ನೆಯಲ್ಲಿ ಸರಿ ಇದ್ದು 35ರಲ್ಲಿ 2 ಪಾಯಿಂಟ್ ತಪ್ಪಿತ್ತು.

ಊರಿಂದ ಸಮುದ್ರದ ನೀರೇ ಕ್ಯಾನಲ್ಲಿ ತರಬಾರದಾ ಅಂತ ತುಂಬಾ ಜನ ಕೇಳಿದ್ರು. ಮಳೆಗಾಲದಲ್ಲಿ ಹೊಳೆ ನೀರು ಸೇರಿ ನಮ್ಮ ಕರಾವಳಿ ನೀರು ಸಪ್ಪೆ ಆಗಿರತ್ತೆ, ಕೆಸರು ಬೇರೆ, ದಡದ ಹತ್ರದ್ದಂತೂ ಬೇಡ. ಪ್ರತಿ 15 ದಿನಕ್ಕೆ 350 ಕಿಲೋಮೀಟರಿಂದ ನೀರು ತರೋದು ಸಾಧ್ಯವೂ ಅಲ್ಲ.

ಸೈಕಲ್, ಅಂದ್ರೆ ಅಮೋನಿಯ ಕರಗಿಸೋ ಬ್ಯಾಕ್ಟೀರಿಯ ಬೆಳೆಸೋದು, ಅದರ ಬಗ್ಗೆ ಜಾಸ್ತಿ ಹೇಳಲ್ಲ, ಮೀನು ಸಾಕೋರಿಗೆ ಗೊತ್ತಿರೋದೇ. ಅಮೋನಿಯ 2 ಪಿಪಿಎಂ ಬರೋ ಹಾಗೆ ಹಾಕಿದೆ, ನೈಟ್ರೈಟ್ ಏರಿತು, ಇಳೀತು, 39ನೇ ದಿನ ಎರಡೂ ಸೊನ್ನೆ.

ಬಾಟ್ಲಿ ಸಾಲು

ನವೆಂಬರಲ್ಲಿ ಇನ್ನೊಬ್ಬ ಹವ್ಯಾಸಿಯಿಂದ ಟಿಸ್ಬೆ ಜಾತಿಯ ಕೋಪೆಪಾಡ್ ಒಂದು ಡಬ್ಬಿ ಸಿಕ್ತು. ಟಿಸ್ಬೆ ಚಿಕ್ಕದು, ಕಲ್ಲಿಗೆ ಗಾಜಿಗೆ ಅಂಟಿಕೊಂಡು ತೆವಳೋ ಜಾತಿ, ಹಾಗಾಗಿ ತಳದಲ್ಲಿ ಹುಡುಕಿ ತಿನ್ನೋ ಮ್ಯಾಂಡರಿನ್‌ಗೆ ಸರಿಯಾದದ್ದು. ಅರ್ಧ ಟ್ಯಾಂಕಿಗೆ ಸುರಿದೆ, ಲೈಟು ಪಂಪು ಎಲ್ಲ ಆಫ್ ಮಾಡಿ ರಾತ್ರಿ ಹೊತ್ತಲ್ಲಿ. ಇನ್ನರ್ಧ 5 ಲೀಟರಿನ ಮಿಠಾಯಿ ಡಬ್ಬಿಯಲ್ಲಿ ಬೇರೆ ಕಲ್ಚರ್.

ಇನ್ನು ಪಾಡ್ಸ್ ಎಂತ ತಿನ್ನತ್ತೆ? ಫೈಟೊಪ್ಲಾಂಕ್ಟನ್, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ತುಂಬಿದ ಹಸಿರು ನೀರು. ಅದನ್ನೂ ಬೆಳೆಸ್ಬೇಕು. ನ್ಯಾನೊಕ್ಲೊರಾಪ್ಸಿಸ್ ಬೆಳೆಸೋದು ಸುಲಭ, ಐಸೊಕ್ರೈಸಿಸ್ ಪಾಡ್ಸಿಗೆ ಇನ್ನೂ ಒಳ್ಳೇದು ಆದ್ರೆ ನಾಜೂಕು. ನಾನು ನ್ಯಾನೊದಿಂದ ಶುರು ಮಾಡಿದೆ. 2 ಲೀಟರಿನ ಕೂಲ್‌ಡ್ರಿಂಕ್ ಬಾಟ್ಲಿ ನಾಲ್ಕು, ಮುಚ್ಚಳಕ್ಕೆ ಎರಡು ತೂತು, ಒಂದರಲ್ಲಿ ಗಾಳಿ ಪೈಪ್ ತಳದ ತನಕ, ಇನ್ನೊಂದು ಗಾಳಿ ಹೊರಗೆ ಹೋಗ್ಲಿಕ್ಕೆ, ಅದಕ್ಕೆ ಹತ್ತಿ. ಉಪ್ಪು ನೀರು ಸ್ವಲ್ಪ ತೆಳು, 1.019 ಸುಮಾರು. ಗಿಲ್ಲಾರ್ಡ್ ಅವರ ಎಫ್/2 ಗೊಬ್ಬರ ಅಳತೆಗೆ ತಕ್ಕಷ್ಟು. ಹಿಂದೆ ಒಂದು ಎಲ್‌ಇಡಿ ಟ್ಯೂಬ್, ದಿನಕ್ಕೆ 16 ಗಂಟೆ. ಏರ್‌ಸ್ಟೋನ್ ಹಾಕ್ಬೇಡಿ, ಬರೀ ಪೈಪಿಂದ ದೊಡ್ಡ ಗುಳ್ಳೆ ಬರ್ಲಿ, ಸಣ್ಣ ಗುಳ್ಳೆ ಕೋಶಗಳನ್ನು ಮೇಲೆತ್ತಿ ನೊರೆ ಮಾಡಿಬಿಡತ್ತೆ. ಎಂಟು ದಿನಕ್ಕೆ ತಿಳಿ ಹಸಿರಿದ್ದದ್ದು ಬಾಟ್ಲಿ ಆಚೆ ಬೆರಳು ಕಾಣದಷ್ಟು ದಟ್ಟ ಆಗತ್ತೆ. ಆಗ ಅರ್ಧ ತೆಗೆದು ಬಳಸಿ, ಉಳಿದರ್ಧಕ್ಕೆ ಹೊಸ ನೀರು ಗೊಬ್ಬರ.

ಜನವರಿಯಲ್ಲಿ ಒಂದೇ ವಾರದಲ್ಲಿ ಮೂರು ಬಾಟ್ಲಿ ಹೋಯ್ತು. ಸಾಯೋವಾಗ ಹಳದಿಯಾಗಿ ವಾಸನೆ ಬರತ್ತೆ, ಇದು ಹಾಗಲ್ಲ, ನಾಲ್ಕು ದಿನದಲ್ಲಿ ನೀರು ತಿಳಿಯಾಗಿಬಿಟ್ಟಿತು. ಭೂತಗನ್ನಡಿ ಹಿಡಿದು ನೋಡಿದ್ರೆ ಒಳಗೆ ಟಿಸ್ಬೆ ಆರಾಮಾಗಿ ಮೇಯ್ತಾ ಉಂಟು. ಪಾಡ್ಸ್ ಡಬ್ಬಿಗೂ ಹಸಿರು ಬಾಟ್ಲಿಗೂ ಒಂದೇ ಸಿರಿಂಜ್ ಬಳಸಿದ್ದೆ, ಒಂದೆರಡು ಹೋದ್ರೆ ಸಾಕು, ಒಳಗೆ ಮರಿ ಹಾಕಿ ತಿಂದು ಮುಗಿಸ್ತವೆ. ಆಮೇಲಿಂದ ಹಸಿರಿನ ಸಾಮಾನು ಹಸಿರು ಟೇಪ್, ಪಾಡ್ಸಿನದ್ದು ಕೆಂಪು ಟೇಪ್, ಎರಡೂ ಬೇರೆ ಬೇರೆ ಕೋಣೆಯಲ್ಲಿ, ಮೊದಲು ಹಸಿರಿನ ಕೆಲಸ ಮುಗಿಸಿ ಆಮೇಲೆ ಪಾಡ್ಸಿನದ್ದು. ಒಂದು ಬಾಟ್ಲಿ ಯಾವಾಗ್ಲೂ ಫ್ರಿಡ್ಜಲ್ಲಿ ರಿಸರ್ವ್. ಆ ಜನವರಿ ನನ್ನನ್ನು ಉಳಿಸಿದ್ದು ಅದೇ ಒಂದು ಬಾಟ್ಲಿ.

ಇನ್ನೊಂದು ತಪ್ಪು ತುಂಬಾ ತಡವಾಗಿ ಗೊತ್ತಾಯ್ತು. ಮೇಲಿನ ನೀರು ಸಂಪಿಗೆ ಇಳಿಯೋ ಓವರ್‌ಫ್ಲೋ ಪೈಪಿನ ಕೆಳಗೆ ಫಿಲ್ಟರ್ ಸಾಕ್ಸ್ (ಕೊಳೆ ಸೋಸೋ ಬಟ್ಟೆ ಚೀಲ) ಹಾಕಿದ್ದೆ, ನೀರು ಹೊಳೀತಿತ್ತು. ಒಂದು ದಿನ ಅದನ್ನು ಬಕೆಟ್ ಉಪ್ಪು ನೀರಲ್ಲಿ ಅಲ್ಲಾಡಿಸಿ ಟಾರ್ಚ್ ಹಾಕಿದ್ರೆ ಬಕೆಟ್ ತುಂಬಾ ಪಾಡ್ಸ್. ನಾನು ಮೇಲಿಂದ ಹಾಕಿದ್ದನ್ನೆಲ್ಲ ಕೆಳಗೆ ಸಾಕ್ಸ್ ಹಿಡಿದು ಇಟ್ಕೊಳ್ತಿತ್ತು, ನಾನು ಅದನ್ನು ಮೂರು ದಿನಕ್ಕೊಮ್ಮೆ ವಾಶಿಂಗ್ ಮೆಶಿನ್‌ಗೆ ಹಾಕ್ತಿದ್ದೆ. ಸಾಕ್ಸ್ ತೆಗೆದು ಬಿಸಾಡಿದೆ. ನೀರು ಈಗ ಅಷ್ಟು ಹೊಳೆಯಲ್ಲ, ಪರವಾಗಿಲ್ಲ.

2024ರ ಮಾರ್ಚ್, ಏಪ್ರಿಲ್

ಬೆಂಗಳೂರಿನವರಿಗೆ ಈ ಎರಡು ತಿಂಗಳು ನೆನಪಿರತ್ತೆ. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದು ಕೂರೋ ಹೊತ್ತಲ್ಲಿ ಒಂದು ಲೀಟರ್ ಒಳ್ಳೇ ನೀರಿಗೆ ಮೂರು ಲೀಟರ್ ಹೊರಗೆ ಬಿಡೋ ಆರ್‌ಓ ಓಡಿಸ್ಲಿಕ್ಕೆ ಮನಸ್ಸು ಒಪ್ಪಲ್ಲ. ಮೀನು ಇನ್ನೂ ಇರ್ಲಿಲ್ಲ ಆದ್ದರಿಂದ ನೀರು ಬದಲಿಸೋದು ಪೂರ್ತಿ ನಿಲ್ಲಿಸಿದೆ, ಆವಿ ಆದದ್ದಷ್ಟೇ ತುಂಬಿಸಿದೆ. ಹೊರಗೆ ಬಂದ ಆರ್‌ಓ ನೀರು ಡ್ರಮ್ಮಲ್ಲಿ ಹಿಡಿದು ನೆಲ ಒರೆಸೋದಕ್ಕೆ, ಟಾಯ್ಲೆಟಿಗೆ. ಈಗ್ಲೂ ಹಾಗೇ ಮಾಡ್ತೇವೆ. ಚೀಟೊ ಇದ್ದ ಕಾರಣ ನೀರು ಬದಲಿಸದಿದ್ರೂ ನೈಟ್ರೇಟ್ 10 ದಾಟ್ಲಿಲ್ಲ.

ಬಿಸಿ ಬೇರೆ ಕತೆ. ಏಪ್ರಿಲ್ ಕೊನೆಗೆ ಟ್ಯಾಂಕ್ ನೀರು ಮಧ್ಯಾಹ್ನ 30.6 ಡಿಗ್ರಿ. ಚಿಲ್ಲರ್ ತಗೊಳ್ಳೋ ಅಷ್ಟು ದುಡ್ಡಿಲ್ಲ, ಕಂಪ್ಯೂಟರಿಗೆ ಹಾಕೋ 12 ವೋಲ್ಟ್ ಫ್ಯಾನ್ ನಾಲ್ಕು ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸೋ ಹಾಗೆ ಕಟ್ಟಿದೆ, 27.5ಕ್ಕೆ ಇಳೀತು. ಮಣ್ಣಿನ ಮಡಕೆ ನೀರು ತಣ್ಣಗಾಗೋ ಹಾಗೇ, ಆವಿ ಹೋಗುವಾಗ ಬಿಸಿ ತಗೊಂಡು ಹೋಗತ್ತೆ. ಆದ್ರೆ ದಿನಕ್ಕೆ 5 ಲೀಟರ್ ಆವಿ, ಉಪ್ಪು ಮಾತ್ರ ಒಳಗೇ ಉಳಿಯತ್ತೆ, ಹಾಗಾಗಿ ಸಾಂದ್ರತೆ ಏರ್ತಾ ಹೋಗತ್ತೆ. 20 ಲೀಟರಿನ ಕ್ಯಾನ್, ಸಣ್ಣ ಪಂಪ್, ಒಂದು ಫ್ಲೋಟ್ ಸ್ವಿಚ್ ಸೇರಿಸಿ ತಾನಾಗಿ ಸಿಹಿ ನೀರು ತುಂಬೋ ಹಾಗೆ ಮಾಡಿದೆ. ಸ್ವಿಚ್ಚಿಗೆ ಬಸವನಹುಳು ಹತ್ತಿ ಕೂತು ಸಿಕ್ಕಿಹಾಕ್ಕೊಂಡ್ರೆ ಪೂರ್ತಿ ಕ್ಯಾನ್ ಒಳಗೆ ಹೋಗತ್ತೆ, ಅದಕ್ಕೆ ಒಂದರ ಮೇಲೊಂದು ಎರಡು ಸ್ವಿಚ್.

ಮೀನು

ಜುಲೈ ಹೊತ್ತಿಗೆ ಲೈಟಾರಿ ಒಂದು ಗಂಟೆ ಆದ ಮೇಲೆ ಟಾರ್ಚ್ ಹಾಕಿದ್ರೆ ಗಾಜಿನ ಮೇಲೆ ಅಂಗೈಯಷ್ಟು ಜಾಗದಲ್ಲಿ 40-50 ಎಣಿಸಬಹುದಿತ್ತು. ಹಗಲಲ್ಲೂ ಕಲ್ಲಿನ ತೂತುಗಳ ಸುತ್ತ ಕಾಣ್ತಿತ್ತು. ಆಗ ಅಂಗಡಿಗೆ ಹೋದೆ. ಮೊದಲ ಎರಡು ಸಲ ಬರಿಗೈಯಲ್ಲಿ ಬಂದೆ. ಮ್ಯಾಂಡರಿನ್ ನೋಡುವಾಗ ಬಣ್ಣ ನೋಡ್ಬೇಡಿ, ಮೇಲಿಂದ ಬೆನ್ನು ನೋಡಿ, ತಲೆ ಹಿಂದೆ ಮೈ ತುಂಬಿಕೊಂಡಿರ್ಬೇಕು, ಪಕ್ಕದಿಂದ ಹೊಟ್ಟೆ ಸಮ ಅಥವಾ ಸ್ವಲ್ಪ ಉಬ್ಬಿರ್ಬೇಕು. ಪಕ್ಕೆಯ ಗೆರೆ ಏಣಾಗಿ ಎದ್ದು ಕಂಡ್ರೆ ಅದಾಗ್ಲೇ ತುಂಬಾ ದಿನದಿಂದ ಉಪವಾಸ, ಅಂಥದ್ದು ಉಳಿಯೋದು ಕಷ್ಟ. ಮೂರನೇ ಸಲ ಒಂದು ಚಿಕ್ಕ ಗಂಡು ಸಿಕ್ತು, ಬೆನ್ನಿನ ಮೊದಲ ರೆಕ್ಕೆಯ ಮುಳ್ಳು ಉದ್ದ ಇದ್ರೆ ಗಂಡು. ಹಿಂದಿನ ದಿನವಷ್ಟೇ ಬಂದದ್ದು, ಕುಕ್ಕುತ್ತಾ ಇತ್ತು, ಹೊಟ್ಟೆ ಸರಿ ಇತ್ತು. ಎರಡು ಗಂಡು ಒಟ್ಟಿಗೆ ಹಾಕಿದ್ರೆ ಹೊಡೆದಾಡಿ ಸಾಯ್ತವೆ, ಒಂದೇ ತಂದೆ.

ನೇರ ಟ್ಯಾಂಕಿಗೆ ಬಿಡ್ಲಿಲ್ಲ. ಒಳಗೇ ತೂಗುಹಾಕೋ ಅಕ್ರಿಲಿಕ್ ಡಬ್ಬದಲ್ಲಿ ಮೂರು ವಾರ ಇಟ್ಟೆ, ಪಾಡ್ಸ್ ಜೊತೆಗೆ ಫ್ರೋಜನ್ ಫುಡ್ ತಿನ್ನೋದೂ ಕಲೀಲಿ ಅಂತ. ಡಬ್ಬದೊಳಗೆ ಹಸಿವಾಗ್ಬಾರ್ದಲ್ಲ, ದಿನಾ ಬೆಳಿಗ್ಗೆ ಸಂಪಿಂದ ಒಂದು ಹಿಡಿ ಚೀಟೊ ತೆಗೆದು ಹಾಕೋದು, ಅದರ ತುಂಬಾ ಪಾಡ್ಸ್ ಇರತ್ತೆ, ಸಂಜೆ ತೆಗೆದು ವಾಪಸ್ ಸಂಪಿಗೆ. ಮೊದಲ ವಾರ ಜೊತೆಗೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಮರಿ. ಮೊಟ್ಟೆ ಉಪ್ಪು ನೀರಲ್ಲಿ ಗಾಳಿ ಕೊಟ್ಟು 28 ಡಿಗ್ರಿಯಲ್ಲಿಟ್ರೆ 24 ಗಂಟೆಗೆ ಒಡೆಯತ್ತೆ, ಒಂದು ಮೂಲೆಗೆ ಬೆಳಕು ಹಿಡಿದ್ರೆ ಮರಿಗಳೆಲ್ಲ ಅಲ್ಲಿ ಸೇರ್ತವೆ, ಸಿಪ್ಪೆ ಮೇಲೆ ತೇಲತ್ತೆ, ಆಗ ಮರಿ ಮಾತ್ರ ಎಳ್ಕೊಳ್ಳಿ. ಒಡೆದ ಕೂಡ್ಲೆ ಹಾಕ್ಬೇಕು, ತಡ ಆದ್ರೆ ತಮ್ಮ ಸತ್ವ ತಾವೇ ಕರಗಿಸಿಕೊಂಡು ಖಾಲಿ ಆಗ್ತವೆ. ಎರಡನೇ ವಾರ ಆ ಮರಿಗಳ ಜೊತೆ ಕರಗಿಸಿದ ಫ್ರೋಜನ್ ಸೈಕ್ಲಾಪ್ಸ್ (ಅದೂ ಒಂದು ಕೋಪೆಪಾಡ್) ಕಲಸಿ ಹಾಕಿದೆ. ಅಲ್ಲಾಡದ್ದನ್ನು ಅದು ಊಟ ಅಂತ ಒಪ್ಪಲ್ಲ, ಹತ್ರ ಹೋಗಿ ಒಂದು ಕಣ್ಣು ತಿರುಗಿಸಿ ನೋಡಿ ಬಿಟ್ಟುಬಿಡತ್ತೆ. ಹನ್ನೊಂದು ದಿನ ಹೀಗೇ. ಹನ್ನೆರಡನೇ ದಿನ ಬೆಳಿಗ್ಗೆ ನೀರಲ್ಲಿ ಇಳೀತಿದ್ದ ಒಂದು ಕೆಂಪು ಚೂರನ್ನು ಪುಸಕ್ಕಂತ ಹೀರಿತು, ಉಗುಳ್ತು, ಮತ್ತೆ ಹೀರಿತು. ಉಗುಳ್ಲಿಲ್ಲ. ನಾನು ಆಫೀಸಿಗೆ ಲೇಟಾಗಿ ಹೋದೆ ಅವತ್ತು, ಪಕ್ಕದಲ್ಲಿ ಮಗಳೂ ಶಾಲೆಯ ಚೀಲ ಹೆಗಲಿಗೆ ಹಾಕ್ಕೊಂಡೇ ನಿಂತಿದ್ಲು.

ಟ್ಯಾಂಕಿಗೆ ಬಿಟ್ಟ ಮೇಲೆ ಊಟಕ್ಕೆ ಒಂದು ಜಾಗ ಮಾಡಿದೆ. ಜ್ಯಾಮಿನ ಚಿಕ್ಕ ಗಾಜಿನ ಬಾಟ್ಲಿ ಕಲ್ಲಿನ ಪಕ್ಕ ಓರೆ ಮಲಗಿಸಿ, ಅದರ ಬಾಯಿಗೆ ಮೇಲಿಂದ ಒಂದು ಅಕ್ರಿಲಿಕ್ ಕೊಳವೆ ಇಳಿಸಿದ್ದೇನೆ, ಫ್ರೋಜನ್ ಅದರಲ್ಲಿ ಬಿಟ್ರೆ ಬಾಟ್ಲಿಯೊಳಗೆ ಬೀಳತ್ತೆ, ವೇವ್‌ಮೇಕರ್ ಅಲೆಗೆ ಚೆಲ್ಲಾಪಿಲ್ಲಿ ಆಗಲ್ಲ. ನಾಲ್ಕು ದಿನಕ್ಕೆ ಅದಕ್ಕೆ ಗೊತ್ತಾಯ್ತು. ಈಗ ಕೊಳವೆ ಮುಟ್ಟಿದ್ರೆ ಸಾಕು ಬಾಟ್ಲಿ ಬಾಯಿಗೆ ಬಂದು ಕೂರತ್ತೆ. ವೇವ್‌ಮೇಕರಿಗೆ ಸ್ಪಂಜಿನ ಕವಚ, ಮೇಲೆ ಸೊಳ್ಳೆಪರದೆಗಿಂತ ಸ್ವಲ್ಪ ದೊಡ್ಡ ಕಣ್ಣಿನ ನೆಟ್. ಈ ಮೀನು ಈಜೋದ್ರಲ್ಲಿ ಗಟ್ಟಿ ಅಲ್ಲ, ಆದ್ರೆ ರಾತ್ರಿ ಗಾಬರಿಯಾದ್ರೆ ಹಾರತ್ತೆ.

2025 ಜನವರಿಯಲ್ಲಿ ಒಂದು ಜೊತೆ ಕ್ಲೌನ್ ಮೀನು ಸೇರಿಸಿದೆ, ನಮ್ಮ ದೇಶದಲ್ಲೇ ಮರಿ ಮಾಡಿಸಿದ್ದು. ಸಮುದ್ರದಿಂದ ಹಿಡಿಯದೆ ಕ್ಲೌನ್ ಮರಿ ಬೆಳೆಸೋದನ್ನು ಸಿಎಂಎಫ್‌ಆರ್‌ಐನವರು (ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಳಿಂಜಂ, ಮಂಡಪಂಗಳಲ್ಲಿ ಮಾಡಿ ತೋರಿಸಿದ್ದಾರೆ. ಮ್ಯಾಂಡರಿನ್ ಸಹ ಹೊರದೇಶದಲ್ಲಿ ಮರಿ ಮಾಡಿಸಿ ಮಾರ್ತಾರೆ, ಅಂಥ ಮರಿ ಸಣ್ಣದ್ರಿಂದಲೇ ಫ್ರೋಜನ್ ತಿಂದು ಬೆಳೆದಿರತ್ತೆ. ನನಗೆ ಇಲ್ಲಿ ಸಿಗ್ಲಿಲ್ಲ, ಸಿಕ್ಕಿದ್ರೆ ಅದನ್ನೇ ತರ್ತಿದ್ದೆ, ನಿಮಗೆ ಸಿಕ್ಕಿದ್ರೆ ನೀವೂ ಅದನ್ನೇ ತನ್ನಿ. ವ್ರಾಸ್ ಜಾತಿ ಮೀನು ಮಾತ್ರ ಈ ಟ್ಯಾಂಕಿಗೆ ಹಾಕಲ್ಲ, ಆರು ಗೆರೆಯ ವ್ರಾಸ್ ಒಂದೇ ಸಾಕು ಪಾಡ್ಸ್ ಖಾಲಿ ಮಾಡ್ಲಿಕ್ಕೆ.

ಫ್ರೋಜನ್ ತಿನ್ನತ್ತೆ ಅಂತ ಬಾಟ್ಲಿ ಕೆಲಸ ನಿಲ್ಲಿಸಿಲ್ಲ. ಮೇ ತಿಂಗಳಲ್ಲಿ 9 ದಿನ ಊರಿಗೆ ಹೋಗಿದ್ದೆವು, ಪಕ್ಕದ ಮನೆಯ ಆಂಟಿ ಕ್ಲೌನಿಗೆ ಚಿಟಿಕೆ ಫುಡ್ ಹಾಕಿದ್ದಷ್ಟೇ, ಜ್ಯಾಮ್ ಬಾಟ್ಲಿಗೆ ಏನೂ ಇಲ್ಲ. ಬಂದ ಕೂಡ್ಲೆ ಚಪ್ಪಲಿ ತೆಗೆಯೋ ಮುಂಚೆ ಟ್ಯಾಂಕಿನ ಹತ್ರ ಹೋದೆ. ಮ್ಯಾಂಡರಿನ್ ಮೂರನೇ ಕಲ್ಲಿನ ಮೇಲೆ, ಮರುವಾಯಿ ಚಿಪ್ಪಿನ ಅಂಚು ಎದ್ದು ಕಾಣೋ ಜಾಗದಲ್ಲಿ, ಒಂದೊಂದೇ ಹುಡುಕಿ ಕುಕ್ಕುತ್ತಾ ಇತ್ತು, ಹೊಟ್ಟೆ ಹೋಗುವಾಗ ಇದ್ದಷ್ಟೇ ದುಂಡಗೆ. ಆಮೇಲೆ ಒಳಗೆ ಹೋಗಿ ಹಸಿರು ಬಾಟ್ಲಿ ನೋಡಿದೆ, ನಾಲ್ಕೂ ಕಪ್ಪಾಗುವಷ್ಟು ದಟ್ಟ ಆಗಿತ್ತು, ರಾತ್ರಿ ಹನ್ನೊಂದರ ತನಕ ಅರ್ಧರ್ಧ ತೆಗೆದು ಹೊಸ ನೀರು ತುಂಬಿಸಿ ಮಲಗಿದೆ.